ಜರ್ಮನ್ನರು ಬರುವ ಮೊದಲೇ ಪಟ್ಟಿ ತಯಾರಿತ್ತು

ಪ್ರಶ್ನೆ: ನಾನು ಬೆಂಗಳೂರಿನವನು. ಎರಡನೇ ಮಹಾಯುದ್ಧದ ಕಾಲಕ್ಕೆ ಜಾಲಹಳ್ಳಿ ಕಡೆ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದರು. ನಮ್ಮ ತಾತ ಅವರನ್ನು ಕಂಡಿದ್ದರು. ‘ಪಾಪದ ಜನ, ಹಾಡ್ಕೊಂಡು ಕೆಲಸ ಮಾಡೋರು’ ಅನ್ನುತ್ತಿದ್ದರು. ಈಚೆಗೆ ಗೆಳೆಯರ ನಡುವೆ ಮಾತು ಬಂದಾಗ ಒಬ್ಬರು ಹೀಗೆ ವಾದಿಸಿದರು: ‘ಯಹೂದಿಗಳನ್ನು ಕೊಂದದ್ದು ಹಿಟ್ಲರ್. ಮುಸೊಲಿನಿಯ ಫ್ಯಾಸಿಸಂಗೂ ಅದಕ್ಕೂ ಸಂಬಂಧವಿಲ್ಲ. ಅವನ ಪಕ್ಷದಲ್ಲೇ ಯಹೂದಿಗಳಿದ್ದರು. ಆಮೇಲೆ ಕಾನೂನು ಮಾಡಿದ್ದು ಹಿಟ್ಲರನ ಒತ್ತಡಕ್ಕೆ. ಇಟಲಿಯ ಜನ ಯಹೂದಿಗಳನ್ನು ಬಚ್ಚಿಟ್ಟು ಕಾಪಾಡಿದರು.’ ಇದರಲ್ಲಿ ನಿಜ ಎಷ್ಟು?

ಉತ್ತರ: ನಿಮ್ಮ ಗೆಳೆಯರ ನಾಲ್ಕು ಮಾತಿನಲ್ಲಿ ಎರಡು ನಿಜ, ಒಂದು ಅರೆನಿಜ, ಒಂದು ಸುಳ್ಳು. ಪಕ್ಷದಲ್ಲಿ ಯಹೂದಿಗಳಿದ್ದದ್ದು ನಿಜ. ಬಚ್ಚಿಟ್ಟು ಕಾಪಾಡಿದ್ದೂ ನಿಜ. ಈ ಎರಡನ್ನು ಮುಂದಿಟ್ಟುಕೊಂಡೇ ಇಟಲಿ ಹತ್ತಾರು ವರ್ಷ ಆ ಒಂದು ಸುಳ್ಳನ್ನು ಸಾಕಿಕೊಂಡು ಬಂತು. ‘ಇಟಲಿಯವರು ಒಳ್ಳೆಯ ಜನ’ ಎಂಬ ಮಾತು ಅಲ್ಲಿ ಗಾದೆಯ ಹಾಗೆ ಬಳಕೆಯಲ್ಲಿದೆ.

ನಿಮ್ಮ ತಾತನವರ ನೆನಪನ್ನು ನಾನು ಅಲ್ಲಗಳೆಯುವುದಿಲ್ಲ. ಅವರು ಕಂಡದ್ದು ಬ್ರಿಟಿಷರ ಕೈಗೆ ಸಿಕ್ಕಿಬಿದ್ದು ಇಷ್ಟು ದೂರ ಬಂದ ಸಿಪಾಯಿಗಳನ್ನು. ಅವರಲ್ಲಿ ಬಹಳ ಮಂದಿ ರೈತರ ಮನೆಯ ಹುಡುಗರು. ಆ ಹುಡುಗರು ಒಳ್ಳೆಯವರೇ ಇದ್ದಿರಬಹುದು. ಆದರೆ ಅವರ ಊರಿನ ಸರ್ಕಾರ ತನ್ನ ಕಚೇರಿ, ಕಡತ, ಪೊಲೀಸರನ್ನು ಯಾವ ಕೆಲಸಕ್ಕೆ ಹಚ್ಚಿತ್ತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಅದನ್ನು ಬೇರೆಯಾಗಿಯೇ ನೋಡಬೇಕು.

ನಮ್ಮ ಪಠ್ಯಪುಸ್ತಕಗಳ ಕ್ರಮವೂ ಈ ಗೊಂದಲಕ್ಕೆ ಸ್ವಲ್ಪ ಕಾರಣ ಅನ್ನಿಸುತ್ತದೆ. ಫ್ಯಾಸಿಸಂ ಒಂದು ಪಾಠ, ನಾಜಿಸಂ ಮುಂದಿನ ಪಾಠ. ಯಹೂದಿಗಳು ಕಾಣಿಸಿಕೊಳ್ಳುವುದು ಎರಡನೆಯದರಲ್ಲಿ ಮಾತ್ರ. ನಾನೂ ಎಷ್ಟೋ ವರ್ಷ ಹಾಗೆಯೇ ಪಾಠ ಮಾಡಿದವನು.

ಮೊದಲು ನಿಜದಿಂದ ಶುರು ಮಾಡೋಣ. ರೋಮ್‌ನಲ್ಲಿ ಯಹೂದಿಗಳು ನೆಲೆಸಿ ಎರಡು ಸಾವಿರ ವರ್ಷ ದಾಟಿದೆ. ಪೋಪ್ ಕೂರುವ ಮೊದಲೇ ಅವರು ಅಲ್ಲಿದ್ದರು. 1555ರಲ್ಲಿ ಪೋಪ್ ನಾಲ್ಕನೇ ಪಾಲ್ ಅವರನ್ನು ಟೈಬರ್ ನದಿಯ ದಂಡೆಯ ಒಂದು ಕೇರಿಗೆ ಕೂಡಿಹಾಕಿ ಗೋಡೆ ಕಟ್ಟಿಸಿದ. ಅದೇ ಗೆಟೊ. ರೋಮ್ 1870ರಲ್ಲಿ ಹೊಸ ಇಟಲಿಗೆ ಸೇರಿದ ಮೇಲೆ ಆ ಕಟ್ಟು ಪೂರ್ತಿ ಕಳಚಿತು. ಅಲ್ಲಿಂದ ಮುಂದಿನದು ಬೆರಗಿನ ಕಥೆ. ಫ್ರಾನ್ಸ್‌ನಲ್ಲಿ ಡ್ರೇಫಸ್ ಎಂಬ ಯಹೂದಿ ಸೇನಾಧಿಕಾರಿಯ ಮೇಲಿನ ಸುಳ್ಳು ದೇಶದ್ರೋಹದ ಮೊಕದ್ದಮೆ ಇನ್ನೂ ಇತ್ಯರ್ಥವಾಗದೆ ಇದ್ದಾಗ, ಇಟಲಿಯಲ್ಲಿ ಜೂಸೆಪ್ಪೆ ಒಟ್ಟೊಲೆಂಗಿ ಎಂಬ ಯಹೂದಿ ಜನರಲ್ 1902ರಲ್ಲಿ ಯುದ್ಧಮಂತ್ರಿಯಾದರು. 1907ರಲ್ಲಿ ರೋಮ್‌ನ ಮೇಯರ್ ಆದ ಎರ್ನೆಸ್ಟೊ ನಾಥನ್ ಯಹೂದಿ. 1910ರಲ್ಲಿ ಪ್ರಧಾನಿಯಾದ ಲೂಯಿಜಿ ಲುಜ್ಜಾತ್ತಿ ಯಹೂದಿ. ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಸಾವಿರಕ್ಕೆ ಒಬ್ಬರಷ್ಟು. ನಡೆ, ನುಡಿ, ಊಟ, ಉಡುಪು ಎಲ್ಲದರಲ್ಲೂ ಇಟಲಿಯವರೇ.

ಹಾಗಾಗಿ ಇತರ ಇಟಲಿಯವರಂತೆ ಅವರಲ್ಲೂ ಫ್ಯಾಸಿಸ್ಟರಿದ್ದರು, ಫ್ಯಾಸಿಸ್ಟ್ ವಿರೋಧಿಗಳಿದ್ದರು, ಯಾವ ಗೊಡವೆಯೂ ಬೇಡವೆಂದು ಅಂಗಡಿ ನೋಡಿಕೊಂಡವರೂ ಇದ್ದರು. 1922ರ ಅಕ್ಟೋಬರ್‌ನಲ್ಲಿ ಮುಸೊಲಿನಿಯ ಕಪ್ಪಂಗಿಯವರು ರೋಮ್‌ಗೆ ದಂಡೆತ್ತಿ ಬಂದಾಗ ಆ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಯಹೂದಿಗಳಿದ್ದರು. ಅವನ ಮೊದಲ ಸರ್ಕಾರದ ಗೃಹ ಖಾತೆಯಲ್ಲಿ ಆಲ್ಡೊ ಫಿಂಜಿ ಎಂಬ ಉಪಮಂತ್ರಿ. 1932ರಿಂದ 1935ರವರೆಗೆ ಹಣಕಾಸು ಮಂತ್ರಿ ಗ್ವೀಡೊ ಯೂಂಗ್. ಮುಸೊಲಿನಿಯ ಪ್ರೇಯಸಿಯೂ ಅವನ ಜೀವನಚರಿತ್ರೆ ಬರೆದವಳೂ ಆದ ಮಾರ್ಗರಿಟಾ ಸರ್ಫಾತ್ತಿ. ಇವರೆಲ್ಲ ಯಹೂದಿ ಮನೆತನದವರು. ಇನ್ನೊಂದು ಕಡೆ, 1937ರಲ್ಲಿ ಫ್ರಾನ್ಸ್‌ನ ರಸ್ತೆಯೊಂದರಲ್ಲಿ ಫ್ಯಾಸಿಸ್ಟರ ಸಂಚಿಗೆ ಬಲಿಯಾದ ಫ್ಯಾಸಿಸ್ಟ್ ವಿರೋಧಿ ರೊಸೆಲ್ಲಿ ಸಹೋದರರೂ ಯಹೂದಿಗಳೇ.

ಟ್ಯೂರಿನ್‌ನ ಬ್ಯಾಂಕರ್ ಎತ್ತೊರೆ ಒವಾಜ್ಜಾ ಅಂತ ಒಬ್ಬನಿದ್ದ. ಇವನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮೊದಲ ಮಹಾಯುದ್ಧದಲ್ಲಿ ತಾನಾಗಿ ಹೋಗಿ ಹೋರಾಡಿದವನು, ಕಪ್ಪಂಗಿ ತೊಟ್ಟವನು. ಯಹೂದಿಗಳಷ್ಟು ನಿಷ್ಠಾವಂತ ಫ್ಯಾಸಿಸ್ಟರು ಇನ್ನಿಲ್ಲ ಎಂದು ಸಾರಲು 1934ರಲ್ಲಿ ‘ನಮ್ಮ ಬಾವುಟ’ ಎಂಬ ಹೆಸರಿನ ಪತ್ರಿಕೆಯನ್ನೇ ಹೊರಡಿಸಿದ.

ಈಗ 1938ಕ್ಕೆ ಬರೋಣ. ಆ ವರ್ಷದ ಫೆಬ್ರವರಿಯಲ್ಲಿ ಸರ್ಕಾರ ಅಧಿಕೃತ ಪ್ರಕಟಣೆ ಕೊಟ್ಟು, ಯಹೂದಿಗಳ ವಿರುದ್ಧ ಯಾವ ಕ್ರಮದ ಯೋಚನೆಯೂ ಇಲ್ಲ ಎಂದಿತು. ಐದೇ ತಿಂಗಳಲ್ಲಿ, ಜುಲೈ ನಡುವಿಗೆ, ಪತ್ರಿಕೆಯೊಂದರಲ್ಲಿ ‘ವಿಜ್ಞಾನಿಗಳ’ ಹೆಸರಿನಲ್ಲಿ ಒಂದು ಹೇಳಿಕೆ ಬಂತು: ಮನುಷ್ಯ ಜನಾಂಗಗಳು ಬೇರೆಬೇರೆ, ಇಟಲಿಯವರು ಆರ್ಯರು, ಯಹೂದಿಗಳು ಇಟಲಿಯ ಜನಾಂಗಕ್ಕೆ ಸೇರಿದವರಲ್ಲ. ಆಗಸ್ಟ್‌ನಲ್ಲಿ ‘ಜನಾಂಗದ ರಕ್ಷಣೆ’ ಎಂಬ ಪತ್ರಿಕೆ ಶುರುವಾಯಿತು.

ಅದೇ ಆಗಸ್ಟ್ 22ರಂದು ನಡೆದದ್ದೇ ನನ್ನ ಪ್ರಕಾರ ಈ ಇಡೀ ಕಥೆಯ ಕೀಲು. ಆಗ ಯಹೂದಿಗಳ ವಿರುದ್ಧ ಯಾವ ಕಾನೂನೂ ಬಂದಿರಲಿಲ್ಲ. ಗೃಹ ಖಾತೆಯಲ್ಲಿ ಹೊಸದಾಗಿ ತೆರೆದ ಜನಾಂಗ ನಿರ್ದೇಶನಾಲಯ ಯಹೂದಿಗಳದ್ದೇ ಪ್ರತ್ಯೇಕ ಗಣತಿ ಮಾಡಿಸಿತು. ಜಿಲ್ಲಾಡಳಿತಗಳು, ಪುರಸಭೆಗಳು, ಗುಮಾಸ್ತರು ಮನೆಮನೆಯ ವಿವರ ತುಂಬಿಸಿದರು. ಹೆಸರು, ತಂದೆತಾಯಿ, ವಿಳಾಸ, ಕಸುಬು, ಧರ್ಮ, ಇಟಲಿಗೆ ಬಂದ ಕಾಲ. ಜನ ಇನ್ನೊಂದು ಸರ್ಕಾರಿ ಫಾರಂ ಎಂದು ತುಂಬಿ ಕೊಟ್ಟರು. ಸುಮಾರು 47,000 ಯಹೂದಿಗಳ ಲೆಕ್ಕ ಸಿಕ್ಕಿತು. ಅವರಲ್ಲಿ ಹತ್ತು ಸಾವಿರದಷ್ಟು ಮಂದಿ ಬೇರೆ ದೇಶಗಳಿಂದ ಬಂದವರು, ಹಿಟ್ಲರನ ಕಾಟಕ್ಕೆ ಓಡಿಬಂದವರೂ ಅದರಲ್ಲಿ ಸೇರಿದ್ದರು. ಆ ಪಟ್ಟಿಗಳು ಜಿಲ್ಲಾಧಿಕಾರಿಗಳ ಕಚೇರಿಯ ಬೀರು ಸೇರಿದವು. ಮುಂದಿನ ವರ್ಷಗಳಲ್ಲಿ ಯಾರು ಮನೆ ಬದಲಿಸಿದರು, ಯಾರು ಹುಟ್ಟಿದರು, ಯಾರು ಸತ್ತರು ಎಂದು ತಿದ್ದುತ್ತಲೂ ಬಂದರು.

ಸೆಪ್ಟೆಂಬರ್ 5ರಂದು ಮೊದಲ ಸುಗ್ರೀವಾಜ್ಞೆ. ಪೀಸಾ ಬಳಿಯ ತನ್ನ ಬೇಸಿಗೆ ಅರಮನೆಯಲ್ಲಿ ಕೂತು ರಾಜ ಮೂರನೇ ವಿಕ್ಟರ್ ಇಮ್ಯಾನುಯೆಲ್ ಸಹಿ ಹಾಕಿದ. ಯಹೂದಿ ಮಕ್ಕಳು ಸರ್ಕಾರಿ ಶಾಲೆಯಿಂದ ಹೊರಗೆ, ಯಹೂದಿ ಮೇಷ್ಟ್ರು, ಪ್ರೊಫೆಸರುಗಳು ಕೆಲಸದಿಂದ ಹೊರಗೆ. ಎರಡು ದಿನ ಬಿಟ್ಟು, ವಿದೇಶಿ ಯಹೂದಿಗಳು ದೇಶ ಬಿಡಬೇಕೆಂಬ ಆಜ್ಞೆ. ನವೆಂಬರ್ 17ರಂದು ದೊಡ್ಡ ಕಾನೂನು: ಆರ್ಯರೊಂದಿಗೆ ಮದುವೆ ನಿಷಿದ್ಧ, ಸರ್ಕಾರಿ ನೌಕರಿ, ಬ್ಯಾಂಕು, ವಿಮೆ ಕಂಪನಿ, ಸೈನ್ಯ ಎಲ್ಲ ಕಡೆಯಿಂದ ವಜಾ, ನೂರು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಉದ್ಯಮ ಇಟ್ಟುಕೊಳ್ಳುವಂತಿಲ್ಲ, ಒಂದು ಮಿತಿ ಮೀರಿದ ಜಮೀನು, ಮನೆ ಇರುವಂತಿಲ್ಲ, ಮನೆಗೆಲಸಕ್ಕೆ ಆರ್ಯರನ್ನು ಇಟ್ಟುಕೊಳ್ಳುವಂತಿಲ್ಲ. ತಂದೆತಾಯಿ ಇಬ್ಬರೂ ಯಹೂದಿಗಳಾಗಿದ್ದರೆ ಮಗ ಕ್ರೈಸ್ತನಾಗಿದ್ದರೂ ಯಹೂದಿಯೇ. ಅಂದರೆ ಇಲ್ಲಿ ಎಣಿಸಿದ್ದು ನಂಬಿಕೆಯನ್ನಲ್ಲ, ರಕ್ತವನ್ನು. ಇದು ಮತದ್ವೇಷದ ಹಳೆಯ ಜಾಡಲ್ಲ, ಹೊಸ ಜಾಡು.

ಕಾನೂನಿನ ಭಾಷೆಯ ಒಂದು ವಿಚಿತ್ರ ನೋಡಿ. ಯುದ್ಧದಲ್ಲಿ ಪದಕ ಗಳಿಸಿದವರಿಗೆ, ಮೊದಮೊದಲಲ್ಲೇ ಫ್ಯಾಸಿಸ್ಟ್ ಪಕ್ಷ ಸೇರಿದವರಿಗೆ ಕೆಲವು ವಿನಾಯಿತಿಗಳಿದ್ದವು. ಆ ವಿನಾಯಿತಿ ಪಡೆದವರಿಗೆ ಕಾನೂನು ಇಟ್ಟ ಹೆಸರು ‘ತಾರತಮ್ಯಕ್ಕೆ ಒಳಗಾದವರು’! ಮಿಕ್ಕವರಿಗೆ ಆ ಭಾಗ್ಯವೂ ಇಲ್ಲ. ಒವಾಜ್ಜಾನಂಥವರು ಈ ವಿನಾಯಿತಿಗೆ ಅರ್ಜಿ ಹಿಡಿದು ಕಾದರು. 1939ರಲ್ಲಿ ಇನ್ನೊಂದು ಮಂಡಳಿ ಹುಟ್ಟಿತು. ಕಡತದಲ್ಲಿ ಯಹೂದಿ ಎಂದು ದಾಖಲಾದವನನ್ನು ‘ಅಲ್ಲ’ ಎಂದು ಘೋಷಿಸುವ ಅಧಿಕಾರ ಅದಕ್ಕೆ. ಅಂದರೆ ತಾಯಿ ಪರಪುರುಷನಿಂದ ಹೆತ್ತಳೆಂದು ಮಗನೇ ಅರ್ಜಿ ಕೊಟ್ಟು ಸಾಬೀತು ಮಾಡಿದರೆ ಆರ್ಯನಾಗಬಹುದು. ಇಂಥ ಕಡೆ ಲಂಚ ಹೇಗೆ ಹರಿಯುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ಕಾನೂನು ಎಲ್ಲರಿಗೂ ಕಾಣುತ್ತದೆ. ಜೀವ ಹಿಂಡಿದ್ದು ಆಮೇಲೆ ಒಂದರ ಹಿಂದೆ ಒಂದು ಬಂದ ಸುತ್ತೋಲೆಗಳು. ಯಹೂದಿಯ ಮನೆಯಲ್ಲಿ ರೇಡಿಯೊ ಇರಕೂಡದು. ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರು ಇರಕೂಡದು. ಪೇಪರಿನಲ್ಲಿ ಸಾವಿನ ಸುದ್ದಿ ಕೊಡಕೂಡದು. ಬೀದಿ ವ್ಯಾಪಾರದ ಪರವಾನಗಿ ರದ್ದು. ಚಿಂದಿ, ಗುಜರಿ ಆಯುವ ಪರವಾನಗಿಯೂ ರದ್ದು. ರೋಮ್‌ನ ಯಹೂದಿಗಳೆಂದರೆ ಬ್ಯಾಂಕರುಗಳಲ್ಲ. ಬಹುಪಾಲು ಹೆಗಲ ಮೇಲೆ ಬಟ್ಟೆಗಂಟು ಹೊತ್ತು ತಿರುಗುವವರು, ಹಳೆ ಸಾಮಾನು ಕೊಳ್ಳುವವರು. ಸಂತ ಪೀಟರರ ಚರ್ಚಿನ ಮುಂದೆ ಯಾತ್ರಿಕರಿಗೆ ಜಪಮಾಲೆ, ಪುಟ್ಟ ಮೂರ್ತಿಗಳನ್ನು ಮಾರುತ್ತಿದ್ದವರೂ ತಲೆಮಾರುಗಳಿಂದ ಈ ಯಹೂದಿ ಕುಟುಂಬಗಳವರೇ. ‘ಪವಿತ್ರ ವಸ್ತು’ ಮಾರಾಟ ಯಹೂದಿಗಳಿಗೆ ನಿಷೇಧ ಎಂದು ಒಂದು ಸುತ್ತೋಲೆ ಬಂದಾಗ ಅವರ ಅನ್ನದ ತಟ್ಟೆಯೇ ಹೋಯಿತು. 1942ರಲ್ಲಿ ಇವರಲ್ಲಿ ಕೆಲವರನ್ನು ಕಡ್ಡಾಯ ದುಡಿಮೆಗೆ ಹಚ್ಚಿ ಟೈಬರ್ ದಂಡೆಯ ಮಣ್ಣು ಅಗೆಸಿದರು. ಗುದ್ದಲಿ ಹಿಡಿದು ನಿಂತ ಅವರ ಫೋಟೊಗಳಿವೆ. ಪತ್ರಿಕೆಗಳು ನಗೆಯಾಡಿದವು.

ಆಗ ದೇಶ ಬಿಟ್ಟವರು ಆರು ಸಾವಿರದಷ್ಟು. ಭೌತವಿಜ್ಞಾನಿ ಎನ್ರಿಕೊ ಫರ್ಮಿ ಯಹೂದಿಯಲ್ಲ, ಹೆಂಡತಿ ಲಾರಾ ಯಹೂದಿ. 1938ರ ಡಿಸೆಂಬರ್‌ನಲ್ಲಿ ನೊಬೆಲ್ ತೆಗೆದುಕೊಳ್ಳಲು ಸ್ಟಾಕ್‌ಹೋಮ್‌ಗೆ ಹೋದವರು ಹಿಂದಿರುಗದೆ ನೇರ ಅಮೆರಿಕಕ್ಕೆ ಹಡಗು ಹತ್ತಿದರು. ಟ್ಯೂರಿನ್‌ನ ರೀತಾ ಲೆವಿ-ಮೊಂತಾಲ್ಚೀನಿ ಎಂಬ ಯುವ ವೈದ್ಯೆ ಆಗ ಅಮೆರಿಕಕ್ಕೆ ಹೋಗಲಿಲ್ಲ. ಮಲಗುವ ಕೋಣೆಯಲ್ಲೇ ಪ್ರಯೋಗಾಲಯ ಮಾಡಿಕೊಂಡು ಕೋಳಿಮೊಟ್ಟೆಯ ಭ್ರೂಣಗಳ ನರಗಳನ್ನು ಅಧ್ಯಯನ ಮಾಡಿದರು. 1986ರಲ್ಲಿ ಅವರಿಗೂ ನೊಬೆಲ್ ಬಂತು. ಮೊದೆನಾದ ಪ್ರಕಾಶಕ ಫಾರ್ಮಿಜ್ಜೀನಿಗೆ ಇದ್ಯಾವುದೂ ಸಾಧ್ಯವಾಗಲಿಲ್ಲ. ನವೆಂಬರ್ ಕೊನೆಯಲ್ಲಿ ಊರಿನ ಗಂಟೆಗೋಪುರ ಹತ್ತಿ ಕೆಳಕ್ಕೆ ಹಾರಿದರು.

ಇಷ್ಟೆಲ್ಲ ಆದದ್ದು ಜರ್ಮನ್ನರು ಇಟಲಿಯನ್ನು ಹಿಡಿಯುವ ಮೊದಲು.

ಇನ್ನು ‘ಹಿಟ್ಲರನ ಒತ್ತಡ’. ಇದನ್ನು ಅರೆನಿಜ ಎಂದೆ. 1936ರಿಂದ ಇಬ್ಬರ ನಡುವೆ ಮೈತ್ರಿ ಕುದುರಿತ್ತು, 1938ರ ಮೇ ತಿಂಗಳಲ್ಲಿ ಹಿಟ್ಲರ್ ರೋಮ್‌ಗೆ ಬಂದು ಮೆರವಣಿಗೆ ಮಾಡಿಸಿಕೊಂಡು ಹೋದ. ಆ ಗಾಳಿ ಇತ್ತು. ಆದರೆ ‘ನೀನೂ ಕಾನೂನು ಮಾಡು’ ಎಂದು ಬರ್ಲಿನ್ ಕೇಳಿದ್ದಕ್ಕೆ ಇತಿಹಾಸಕಾರರಿಗೆ ಪುರಾವೆ ಸಿಕ್ಕಿಲ್ಲ. ಸಿಕ್ಕಿರುವುದು ಮುಸೊಲಿನಿಯ ಸ್ವಂತ ಆಸಕ್ತಿಗೆ. 1935–36ರಲ್ಲಿ ಇಥಿಯೋಪಿಯವನ್ನು ವಿಷಾನಿಲ ಹಾಕಿ ಗೆದ್ದ ಮೇಲೆ, ಇಟಲಿಯ ಗಂಡಸರು ಅಲ್ಲಿನ ಹೆಂಗಸರೊಂದಿಗೆ ಸಂಸಾರ ಮಾಡುವುದನ್ನು 1937ರಲ್ಲೇ ಜೈಲುಶಿಕ್ಷೆಯ ಅಪರಾಧವಾಗಿಸಿದ್ದ. ರಕ್ತ ಬೆರೆಯಬಾರದು ಎಂಬ ಕಾನೂನು ಬರೆಯುವುದನ್ನು ಇಟಲಿಯ ಅಧಿಕಾರಿಗಳು ಆಫ್ರಿಕದಲ್ಲಿ ಆಗಲೇ ರೂಢಿ ಮಾಡಿಕೊಂಡಿದ್ದರು. ಮನೆಯೊಳಗೆ ತಂದದ್ದು ಮರುವರ್ಷ.

ಇದಕ್ಕೆ ಇನ್ನೂ ಪುರಾವೆ ಬೇಕಾದರೆ ಲಿಬಿಯವನ್ನು ನೋಡಿ. ಅದು ಆಗ ಇಟಲಿಯ ವಸಾಹತು. 1942ರಲ್ಲಿ ಸಿರೆನೈಕ ಪ್ರಾಂತದ ಸುಮಾರು 2,600 ಯಹೂದಿಗಳನ್ನು ಮರುಭೂಮಿಯಂಚಿನ ಜಿಯಾಡೊ ಎಂಬಲ್ಲಿನ ಶಿಬಿರಕ್ಕೆ ಸಾಗಿಸಿದರು. ಶಿಬಿರ ನಡೆಸಿದವರು ಇಟಲಿಯವರು. ಹಸಿವು, ಹೇನು, ಟೈಫಸ್ ಜ್ವರ. ಬ್ರಿಟಿಷರು ಬಂದು ಬಿಡಿಸುವಷ್ಟರಲ್ಲಿ 562 ಜನ ಸತ್ತಿದ್ದರು. ಇಟಲಿಯ ಶಾಲೆಗಳಲ್ಲೇ ಈ ಹೆಸರು ಕೇಳಿದವರು ಕಡಿಮೆ.

ನ್ಯಾಯಕ್ಕೆ ಇದನ್ನೂ ಹೇಳಬೇಕು. ಅದೇ ಹೊತ್ತಿನಲ್ಲಿ ಇಟಲಿಯ ಸೇನೆ ಹಿಡಿದಿದ್ದ ಕ್ರೊಯೇಶಿಯ, ದಕ್ಷಿಣ ಫ್ರಾನ್ಸ್ ಭಾಗಗಳಲ್ಲಿ ಯಹೂದಿಗಳನ್ನು ಒಪ್ಪಿಸಿ ಎಂದು ಜರ್ಮನ್ನರು ಕೇಳಿದಾಗ ಇಟಲಿಯ ಸೇನಾಧಿಕಾರಿಗಳು ಕೊಡಲಿಲ್ಲ. ಕ್ರೊಯೇಶಿಯದ ವಿಷಯದಲ್ಲಿ 1942ರ ಆಗಸ್ಟ್‌ನಲ್ಲಿ ಮುಸೊಲಿನಿ ‘ಅಭ್ಯಂತರವಿಲ್ಲ’ ಎಂದು ಕಡತದ ಮೇಲೆ ಬರೆದುಕೊಟ್ಟ ಮೇಲೂ ಸಬೂಬು ಹೇಳಿ, ಗಣತಿ ಬೇಕು, ವಿಚಾರಣೆ ಬೇಕು ಎಂದು ತಿಂಗಳುಗಟ್ಟಲೆ ಎಳೆದರು. ಒಂದು ಕಡೆ ಜಿಯಾಡೊ, ಇನ್ನೊಂದು ಕಡೆ ಇದು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳದಿದ್ದರೆ ಇಟಲಿ ಅರ್ಥವಾಗುವುದಿಲ್ಲ. ದಕ್ಷಿಣದ ಕಲಾಬ್ರಿಯದ ಫೆರ್ರಮೊಂತಿ ಶಿಬಿರದಲ್ಲಿ ಕೂಡಿಹಾಕಿದ್ದ ವಿದೇಶಿ ಯಹೂದಿಗಳೂ ಬಡತನ, ಮಲೇರಿಯ ಅನುಭವಿಸಿದರೂ ಜೀವ ಉಳಿಸಿಕೊಂಡರು.

1943ರ ಜುಲೈ 25ರಂದು ಮುಸೊಲಿನಿಯನ್ನು ರಾಜನೇ ಇಳಿಸಿ ಬಂಧಿಸಿದ. ಮಾರ್ಷಲ್ ಬದೋಲ್ಯೊನ ಹೊಸ ಸರ್ಕಾರಕ್ಕೆ 45 ದಿನ ಸಿಕ್ಕವು. ಫ್ಯಾಸಿಸ್ಟ್ ಪಕ್ಷವನ್ನು ವಿಸರ್ಜಿಸಿದರು. ಜನಾಂಗೀಯ ಕಾನೂನನ್ನು ಮಾತ್ರ ಮುಟ್ಟಲಿಲ್ಲ. ಆ ಪಟ್ಟಿಗಳನ್ನು ಒಂದು ಬೆಂಕಿಕಡ್ಡಿಯಿಂದ ಮುಗಿಸಬಹುದಿತ್ತು, ಯಾರಿಗೂ ನೆನಪಾಗಲಿಲ್ಲವೋ, ಬೇಕೆನಿಸಲಿಲ್ಲವೋ. ಇಡೀ ಕಥೆಯಲ್ಲಿ ನನಗೆ ಹೆಚ್ಚು ಸಿಟ್ಟು ಬರಿಸುವ 45 ದಿನಗಳು ಇವು. ಸೆಪ್ಟೆಂಬರ್ 8ರಂದು ಇಟಲಿ ಮಿತ್ರರಾಷ್ಟ್ರಗಳಿಗೆ ಶರಣಾದ ಸುದ್ದಿ ಹೊರಬಿತ್ತು, ಜರ್ಮನ್ ಸೇನೆ ಉತ್ತರ ಮತ್ತು ಮಧ್ಯ ಇಟಲಿಯನ್ನು ಹಿಡಿಯಿತು, ರಾಜ ರೋಮ್ ಬಿಟ್ಟು ಓಡಿದ.

ಸೆಪ್ಟೆಂಬರ್ 26ರಂದು ರೋಮ್‌ನ ಎಸ್ಎಸ್ (ಹಿಟ್ಲರನ ನಾಜಿ ಪಕ್ಷದ ಪಡೆ) ಮುಖ್ಯಸ್ಥ ಕಾಪ್ಲರ್ ಯಹೂದಿ ಮುಖಂಡರನ್ನು ಕರೆಸಿ, 36 ಗಂಟೆಯೊಳಗೆ 50 ಕಿಲೊ ಚಿನ್ನ ಕೊಡಿ, ಇಲ್ಲವಾದರೆ 200 ಜನರನ್ನು ಒಯ್ಯುತ್ತೇನೆ ಎಂದ. ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಮೇಜು ಹಾಕಿ ತಕ್ಕಡಿ ಇಟ್ಟರು. ಗುಜರಿ ವ್ಯಾಪಾರಿಗಳ ಹೆಂಡಂದಿರು ಮದುವೆ ಉಂಗುರ, ಮಕ್ಕಳ ಓಲೆ, ಮುರಿದ ಸರ ತಂದು ಸುರಿದರು. ಕ್ರೈಸ್ತರೂ ಬಂದರು, ‘ನಾವೂ ಕೊಡಬಹುದಾ’ ಎಂದು ಸಂಕೋಚದಿಂದ ಬಾಗಿಲಲ್ಲಿ ನಿಂತು ಕೇಳಿದವರಿದ್ದರು. ಕಡಿಮೆಬಿದ್ದರೆ ಸಾಲ ಕೊಡುತ್ತೇವೆ ಎಂದು ವ್ಯಾಟಿಕನ್ ಹೇಳಿಕಳಿಸಿತು, ಬೇಕಾಗಲಿಲ್ಲ. 28ರಂದು ಚಿನ್ನ ತೂಗಿ ಒಪ್ಪಿಸಿದರು. ಮಾರನೆಯ ದಿನವೇ ಜರ್ಮನ್ನರು ಸಮುದಾಯದ ಕಚೇರಿಗೆ ನುಗ್ಗಿ ಹಣ, ಹೆಸರು ವಿಳಾಸಗಳ ಕಡತ ಹೊತ್ತೊಯ್ದರು. ಅಕ್ಟೋಬರ್ ನಡುವಿಗೆ ಶತಮಾನಗಳ ಹಳೆಯ ಹಸ್ತಪ್ರತಿಗಳಿದ್ದ ಗ್ರಂಥಾಲಯವನ್ನು ರೈಲಿನ ಬೋಗಿಗಳಿಗೆ ತುಂಬಿದರು. ಆ ಸಂಗ್ರಹ ಇಂದಿಗೂ ಪತ್ತೆಯಿಲ್ಲ.

ಅಕ್ಟೋಬರ್ 16, ಶನಿವಾರ. ಯಹೂದಿಗಳ ವಾರದ ವಿಶ್ರಾಂತಿಯ ಸಬ್ಬತ್ ದಿನ, ಮಳೆ. ಬೆಳಗಿನ ಐದೂವರೆಯ ಹೊತ್ತಿಗೆ ಗೆಟೊ ಸುತ್ತ ಲಾರಿಗಳು ನಿಂತವು. ಬಾಗಿಲು ತಟ್ಟಿದ ಸಿಪಾಯಿಗಳು ಒಂದು ಚೀಟಿ ಕೊಡುತ್ತಿದ್ದರು. ಅದರಲ್ಲಿ ಇಟಾಲಿಯನ್ ಭಾಷೆಯಲ್ಲಿ ಇದ್ದದ್ದು ಹೆಚ್ಚುಕಡಿಮೆ ಇಷ್ಟು: ನಿಮ್ಮನ್ನು ಸ್ಥಳಾಂತರಿಸಲಾಗುತ್ತಿದೆ, ಎಂಟು ದಿನಕ್ಕಾಗುವಷ್ಟು ಆಹಾರ, ಪಡಿತರ ಚೀಟಿ, ಗುರುತಿನ ಚೀಟಿ, ಕುಡಿಯುವ ಲೋಟ ತನ್ನಿ, ಹಣ, ಒಡವೆ ತರಬಹುದು, ಮನೆಗೆ ಬೀಗ ಹಾಕಿ ಕೀಲಿ ಜೊತೆಗಿಟ್ಟುಕೊಳ್ಳಿ, ಕಾಯಿಲೆಯವರೂ ಉಳಿಯುವಂತಿಲ್ಲ, ಶಿಬಿರದಲ್ಲಿ ಆಸ್ಪತ್ರೆ ಇದೆ, 20 ನಿಮಿಷದಲ್ಲಿ ಸಿದ್ಧರಾಗಿ. ಆ ಬೀಗದ ಕೀಲಿಯ ಮಾತು ನನ್ನನ್ನು ಬಹಳ ದಿನ ಕಾಡಿತು. ಕೀಲಿ ಜೊತೆಗಿಟ್ಟುಕೋ ಎಂದರೆ ವಾಪಸು ಬರುತ್ತೇನೆಂದೇ ಯಾರಾದರೂ ತಿಳಿಯುತ್ತಾರೆ. ಜನ ಕಿರುಚದೆ ಲಾರಿ ಹತ್ತಲಿ ಎಂದು ಕೂತು ಯೋಚಿಸಿ ಬರೆದ ಚೀಟಿ ಅದು.

ಆ ದಿನ ಸಿಕ್ಕಿಬಿದ್ದವರು 1,259. ಬಹುಪಾಲು ಹೆಂಗಸರು, ಮಕ್ಕಳು. ಗಂಡಸರನ್ನು ಮಾತ್ರ ದುಡಿಮೆಗೆ ಒಯ್ಯುತ್ತಾರೆಂದು ನಂಬಿ ಗಂಡಸರು ಮೊದಲೇ ತಪ್ಪಿಸಿಕೊಂಡಿದ್ದರು. ವ್ಯಾಟಿಕನ್‌ನಿಂದ ಕೂಗಳತೆಯ ದೂರದ ಸೈನಿಕ ಶಾಲೆಯಲ್ಲಿ ಎರಡು ರಾತ್ರಿ ಇಟ್ಟರು. ಅಲ್ಲಿ ಒಂದು ಮಗು ಹುಟ್ಟಿತು. ಮಿಶ್ರ ವಿವಾಹದವರನ್ನೂ ಮತ್ತೆ ಕೆಲವರನ್ನೂ ಬಿಟ್ಟು, ಸಾವಿರಕ್ಕೂ ಹೆಚ್ಚು ಜನರನ್ನು 18ರಂದು ಟಿಬುರ್ಟೀನಾ ಸ್ಟೇಷನ್‌ನಲ್ಲಿ ಗೂಡ್ಸ್ ಬೋಗಿಗಳಿಗೆ ತುಂಬಿದರು. ಪೋಪ್ ಹನ್ನೆರಡನೇ ಪಯಸ್ ಬಹಿರಂಗವಾಗಿ ಒಂದು ಮಾತು ಆಡಲಿಲ್ಲ. ರೈಲು ಹೋದದ್ದು ನಾಜಿಗಳ ಸಾವಿನ ಶಿಬಿರ ಆಷ್ವಿಟ್ಜ್‌ಗೆ. ಅಲ್ಲಿಂದ ಹಿಂದಿರುಗಿದವರು 16 ಜನ. ಹದಿನೈದು ಗಂಡಸರು, ಒಬ್ಬ ಹೆಂಗಸು, ಸೆತ್ತೀಮಿಯಾ ಸ್ಪಿಜ್ಜಿಕೀನೊ. ಮಕ್ಕಳಲ್ಲಿ ಒಂದೂ ಬರಲಿಲ್ಲ.

‘ನೋಡಿ, ಇದನ್ನು ಜರ್ಮನ್ನರೇ ಮಾಡಿದರಲ್ಲ’ ಎನ್ನಬಹುದು ನಿಮ್ಮ ಗೆಳೆಯರು. ಹೌದು, ಆ ದಿನ ಬಾಗಿಲು ತಟ್ಟಿದವರು ಜರ್ಮನ್ನರು. ಇಟಲಿಯ ಪೊಲೀಸರ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಯಾವ ಬಾಗಿಲು ತಟ್ಟಬೇಕೆಂಬ ಪಟ್ಟಿಯಲ್ಲಿ ಸಮುದಾಯದ ಕಡತದ ಪಾಲೆಷ್ಟು, ಇಟಲಿ ಸರ್ಕಾರದ ಕಡತದ ಪಾಲೆಷ್ಟು ಎಂದು ಇತಿಹಾಸಕಾರರು ಇನ್ನೂ ಚರ್ಚಿಸುತ್ತಾರೆ. ಆದರೆ ಮುಂದಿನದರಲ್ಲಿ ಚರ್ಚೆಗೆ ಜಾಗವಿಲ್ಲ.

ಸೆರೆಯಲ್ಲಿದ್ದ ಮುಸೊಲಿನಿಯನ್ನು ಜರ್ಮನ್ನರು ಬಿಡಿಸಿದ್ದರು. ಅವರ ನೆರಳಿನಲ್ಲಿ ಅವನು ಉತ್ತರದಲ್ಲಿ ಮತ್ತೊಂದು ಸರ್ಕಾರ ಕಟ್ಟಿದ. ನವೆಂಬರ್ 14ರಂದು ವೆರೋನಾದಲ್ಲಿ ಸೇರಿದ ಅವನ ಪಕ್ಷ ತನ್ನ ಪ್ರಣಾಳಿಕೆಯ ಏಳನೇ ಅಂಶವಾಗಿ, ಯಹೂದಿಗಳು ವಿದೇಶಿಯರು, ಈ ಯುದ್ಧದಲ್ಲಿ ಶತ್ರುರಾಷ್ಟ್ರದವರು ಎಂದು ಬರೆಯಿತು. ನವೆಂಬರ್ 30ರಂದು ಗೃಹಮಂತ್ರಿ ಬುಫ್ಫರೀನಿ ಗ್ವೀದಿ ಐದನೇ ನಂಬರಿನ ಪೊಲೀಸ್ ಆದೇಶ ಹೊರಡಿಸಿದ: ಎಲ್ಲ ಯಹೂದಿಗಳನ್ನೂ ಶಿಬಿರಕ್ಕೆ ಕಳಿಸಿ, ಆಸ್ತಿ ಜಪ್ತಿ ಮಾಡಿ. ‘ವಿನಾಯಿತಿ’ ಇದ್ದವರನ್ನೂ ಬಿಡುವಂತಿಲ್ಲ. ಈಗ ಬಾಗಿಲು ತಟ್ಟಿದವರು ಠಾಣೆಯ ಪರಿಚಿತ ಪೊಲೀಸರು, ಕೈಯಲ್ಲಿದ್ದದ್ದು 1938ರಿಂದ ತಿದ್ದುತ್ತ ಬಂದ ಪಟ್ಟಿ. ಬಂಧಿಸಿದವರು ಯಾರೆಂದು ದಾಖಲೆ ಇರುವ ಪ್ರಕರಣಗಳಲ್ಲಿ ಸರಿಸುಮಾರು ಐದಕ್ಕೆ ಎರಡು ಇಟಲಿಯವರ ಕೈಯವು. ಮೊದೆನಾ ಸಮೀಪದ ಫೊಸ್ಸೊಲಿಯಲ್ಲಿ ಇಟಲಿಯ ಸರ್ಕಾರವೇ ಯಹೂದಿ ಶಿಬಿರ ತೆರೆಯಿತು. ಪ್ರೀಮೊ ಲೆವಿ ಎಂಬ 24 ವರ್ಷದ ರಸಾಯನಶಾಸ್ತ್ರಜ್ಞನನ್ನು ಹಿಡಿದದ್ದು ಫ್ಯಾಸಿಸ್ಟ್ ಪಡೆ, ಇಟ್ಟದ್ದು ಫೊಸ್ಸೊಲಿಯಲ್ಲಿ, ಆಷ್ವಿಟ್ಜ್‌ಗೆ ಕಳಿಸಿದ್ದು 1944ರ ಫೆಬ್ರವರಿ 22ರಂದು. ಅವನು ಬದುಕಿ ಬಂದು ಬರೆದದ್ದರಿಂದ ನಮಗೆ ಇದೆಲ್ಲ ಗೊತ್ತು.

ಮಿಲಾನ್‌ನ ಮುಖ್ಯ ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಪ್ಲಾಟ್‌ಫಾರಂಗಳ ಕೆಳಗೆ, ನೆಲಮಟ್ಟದಲ್ಲಿ, ಹಿಂದೆ ಅಂಚೆಚೀಲ ತುಂಬುತ್ತಿದ್ದ ಒಂದು ಅಂಗಳವಿದೆ. ಬೋಗಿಗೆ ಚೀಲ ತುಂಬಿ ಲಿಫ್ಟಿನಲ್ಲಿ ಹಳಿಯ ಮಟ್ಟಕ್ಕೆ ಎತ್ತುವ ವ್ಯವಸ್ಥೆ. ಯಹೂದಿಗಳನ್ನೂ ಅಲ್ಲೇ ತುಂಬಿದರು, ಬೋಗಿಯ ಬಾಗಿಲು ಜಡಿದು ಮೇಲಕ್ಕೆತ್ತಿ ರೈಲಿಗೆ ಜೋಡಿಸಿದರು. ಮೇಲೆ ಟಿಕೆಟ್ ಹಿಡಿದು ನಿಂತವರಿಗೆ ಏನೂ ಕಾಣುವ ಹಾಗಿರಲಿಲ್ಲ. ಈಗ ಅದು ಸ್ಮಾರಕ. ಒಳಗೆ ಕಾಲಿಟ್ಟರೆ ಎದುರಿಗೆ ಉದ್ದನೆಯ ಗೋಡೆ, ಅದರ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಒಂದೇ ಪದ: ಇಂದಿಫೆರೆಂಜಾ. ಕನ್ನಡದಲ್ಲಿ ‘ಉದಾಸೀನ’ ಎನ್ನಬಹುದು, ‘ನಮಗ್ಯಾಕೆ ಬೇಕು’ ಎನ್ನುವುದು ಇನ್ನೂ ಹತ್ತಿರ.

ಆ ಪದವನ್ನು ಆರಿಸಿದವರು ಲಿಲಿಯಾನಾ ಸೆಗ್ರೆ. 1938ರಲ್ಲಿ ಎಂಟು ವರ್ಷ, ಇನ್ನು ಶಾಲೆಗೆ ಹೋಗುವಂತಿಲ್ಲ ಎಂದು ಮನೆಯಲ್ಲಿ ಹೇಳಿದರು. 1943ರ ಡಿಸೆಂಬರ್‌ನಲ್ಲಿ ಅಪ್ಪನ ಕೈ ಹಿಡಿದು ಬೆಟ್ಟ ಹತ್ತಿ ಸ್ವಿಟ್ಜರ್ಲೆಂಡ್ ಮುಟ್ಟಿದಳು. ಅಲ್ಲಿನ ಅಧಿಕಾರಿ ವಾಪಸು ಅಟ್ಟಿದ. ಗಡಿಯಲ್ಲಿ ಹಿಡಿದವರು ಇಟಲಿಯವರು. ಮಿಲಾನ್ ಜೈಲಿನಿಂದ 1944ರ ಜನವರಿ 30ರಂದು ಹೊರಗೆ ನಡೆಸಿಕೊಂಡು ಹೋಗುವಾಗ ಮಿಕ್ಕ ಕೈದಿಗಳು, ಕಳ್ಳರು ಕೊಲೆಗಡುಕರು, ತಮ್ಮಲ್ಲಿದ್ದ ಕಿತ್ತಳೆ, ಸೇಬು, ಕುತ್ತಿಗೆವಸ್ತ್ರ ಎಸೆದು ಹರಸಿದರಂತೆ. ಆ ರೈಲಿನಲ್ಲಿ ಆರುನೂರಕ್ಕೂ ಹೆಚ್ಚು ಜನ, ಬದುಕಿ ಬಂದವರು ಇಪ್ಪತ್ತರಷ್ಟು. ಆಷ್ವಿಟ್ಜ್‌ನಲ್ಲಿ ಅಪ್ಪನ ಕೈ ಬಿಟ್ಟದ್ದೇ ಕೊನೆ. ತೋಳಿನ ಮೇಲೆ 75190 ಎಂದು ಹಚ್ಚೆ ಹಾಕಿದರು. 2018ರಲ್ಲಿ ಇಟಲಿಯ ರಾಷ್ಟ್ರಪತಿ ಅವರನ್ನು ಆಜೀವ ಸೆನೆಟರ್ ಮಾಡಿದರು. ಮರುವರ್ಷ, 89ನೇ ವಯಸ್ಸಿನಲ್ಲಿ, ಬೆದರಿಕೆಗಳ ಕಾರಣ ಪೊಲೀಸ್ ಕಾವಲು ಕೊಡಬೇಕಾಯಿತು.

ಒವಾಜ್ಜಾನನ್ನು ಮರೆಯಲಿಲ್ಲ ತಾನೆ? ಅವನು ದೇಶ ಬಿಡಲಿಲ್ಲ. ಆಲ್ಪ್ಸ್‌ನ ಹಳ್ಳಿಯೊಂದರ ಹೋಟೆಲಿನಲ್ಲಿದ್ದ. 1943ರ ಅಕ್ಟೋಬರ್‌ನಲ್ಲಿ ಮೊದಲು ಮಗ, ಆಮೇಲೆ ಅವನು, ಹೆಂಡತಿ, ಮಗಳು ಎಸ್ಎಸ್ ಕೈಗೆ ಸಿಕ್ಕರು. ಮಾಜ್ಜೊರೆ ಸರೋವರದ ದಂಡೆಯ ಇಂತ್ರಾ ಊರಿನ ಶಾಲೆಯಲ್ಲಿ ಕೊಂದು, ಕಟ್ಟಡ ಬೆಚ್ಚಗಿಡುವ ಬಾಯ್ಲರ್‌ನಲ್ಲಿ ಸುಟ್ಟರು. ಹಳೆಯ ಉಪಮಂತ್ರಿ ಆಲ್ಡೊ ಫಿಂಜಿಯನ್ನು 1944ರ ಮಾರ್ಚ್ 24ರಂದು ರೋಮ್ ಹೊರಗಿನ ಗುಹೆಗಳಲ್ಲಿ ಇತರ 334 ಜನರೊಂದಿಗೆ ಗುಂಡಿಟ್ಟರು. ‘ಪಕ್ಷದಲ್ಲೇ ಯಹೂದಿಗಳಿದ್ದರು’ ಎಂಬ ವಾದ ಮುಗಿಯುವುದು ಇಲ್ಲಿ.

ಇನ್ನು ಕಾಪಾಡಿದವರು. ಇಟಲಿಯ ನೆಲದಿಂದ ಸಾಗಿಸಿದ್ದು ಏಳು ಸಾವಿರದ ಆಸುಪಾಸು, ಮರಳಿದವರು ಎಂಟುನೂರರಷ್ಟು. ಆಗ ಇಟಲಿಯ ಆಳ್ವಿಕೆಯಲ್ಲಿದ್ದ ರೋಡ್ಸ್, ಕೋಸ್ ದ್ವೀಪಗಳಿಂದ ಹೋದ 1,800ರಷ್ಟು ಮಂದಿ ಬೇರೆ. ಹಾಗಿದ್ದೂ ದೇಶದ ಯಹೂದಿಗಳಲ್ಲಿ ಐದಕ್ಕೆ ನಾಲ್ವರು ಉಳಿದರು. ಪೋಲೆಂಡ್, ಹಾಲೆಂಡ್‌ಗಳಿಗೆ ಹೋಲಿಸಿದರೆ ಇದು ದೊಡ್ಡದು. ಇದಕ್ಕೆ ಕಾರಣ ಹಲವು. ಅವರ ಸಂಖ್ಯೆ ಸಣ್ಣದು, ನುಡಿಯಲ್ಲಿ ಮುಖದಲ್ಲಿ ಗುರುತು ಸಿಗದು, ದಕ್ಷಿಣ ಬೇಗ ಬಿಡುಗಡೆಯಾಯಿತು, ಉತ್ತರಕ್ಕೆ ಸ್ವಿಟ್ಜರ್ಲೆಂಡ್ ಇತ್ತು. ಇದೆಲ್ಲದರ ಮೇಲೆ ಬಾಗಿಲು ತೆರೆದ ಜನ. ರೋಮ್‌ನ ಕಾನ್ವೆಂಟುಗಳು ನಾಲ್ಕು ಸಾವಿರದಷ್ಟು ಮಂದಿಯನ್ನು ಒಳಗಿಟ್ಟುಕೊಂಡವು. ಗೆಟೊ ಎದುರಿನ ನದಿದ್ವೀಪದ ಆಸ್ಪತ್ರೆಯ ವೈದ್ಯರು ಯಹೂದಿಗಳನ್ನು ರೋಗಿಗಳೆಂದು ಮಲಗಿಸಿ, ಇಲ್ಲದ ಒಂದು ಸೋಂಕುರೋಗಕ್ಕೆ ‘ಕೆ’ ಎಂದು ಹೆಸರಿಟ್ಟರು. ಹುಡುಕಲು ಬಂದ ಸಿಪಾಯಿಗಳು ಕೆಮ್ಮು ಕೇಳಿ ಹೊರಟುಹೋದರು. ನೊನಾಂತೊಲಾ ಹಳ್ಳಿಯಲ್ಲಿ 73 ನಿರಾಶ್ರಿತ ಮಕ್ಕಳಿದ್ದರು. ಜರ್ಮನ್ನರು ಬಂದ ಸುದ್ದಿ ತಿಳಿದ ಒಂದೆರಡು ದಿನಗಳಲ್ಲೇ ಪಾದ್ರಿ ಬೆಕ್ಕಾರಿ, ಡಾಕ್ಟರ್ ಮೊರೆಆಲಿ ಅವರನ್ನೆಲ್ಲ ಪಾದ್ರಿಗಳ ತರಬೇತಿ ಶಾಲೆಯಾದ ಸೆಮಿನರಿಗೆ, ರೈತರ ಮನೆಗಳಿಗೆ ಹಂಚಿದರು, ಕಳ್ಳದಾಖಲೆ ಮಾಡಿಸಿ ಗಡಿ ದಾಟಿಸಿದರು. ಕ್ಷಯಕ್ಕೆ ಆಸ್ಪತ್ರೆ ಸೇರಿದ್ದ ಒಬ್ಬ ಹುಡುಗ ಮಾತ್ರ ಸಿಕ್ಕಿಬಿದ್ದ.

ಕಾಪಾಡಿದವರೂ ಇಟಲಿಯವರು, ಹಿಡಿದುಕೊಟ್ಟವರೂ ಇಟಲಿಯವರು. ನಾನು ಕಾಣುವ ವ್ಯತ್ಯಾಸ ಇಷ್ಟೇ: ಕಾಪಾಡಿದವರು ಕಾನೂನು ಮುರಿಯಬೇಕಿತ್ತು, ಹಿಡಿದುಕೊಟ್ಟವರಿಗೆ ಸಂಬಳ ಬರುತ್ತಿತ್ತು. ಯುದ್ಧ ಮುಗಿದ ಮೇಲೆ ದೇಶ ಮೊದಲಿನವರನ್ನು ತೋರಿಸಿ ಎರಡನೆಯವರನ್ನು ಮರೆಸಿತು. 1946ರಲ್ಲಿ ಸಾರ್ವತ್ರಿಕ ಕ್ಷಮಾದಾನ ಬಂತು. ಯಹೂದಿಗಳ ಆಸ್ತಿ ನೋಡಿಕೊಳ್ಳಲು ಫ್ಯಾಸಿಸ್ಟರು ಕಟ್ಟಿದ್ದ ಸರ್ಕಾರಿ ಸಂಸ್ಥೆಯೊಂದು ಯುದ್ಧದ ನಂತರವೂ ಕೆಲಸ ಮಾಡಿತು. ಶಿಬಿರಗಳಿಂದ, ಅಡಗುತಾಣಗಳಿಂದ ಬಂದು ಮನೆ ಕೇಳಿದವರಿಗೆ, ಇಷ್ಟು ವರ್ಷ ನಿಮ್ಮ ಆಸ್ತಿ ನಿರ್ವಹಿಸಿದ ಖರ್ಚು ಕೊಡಿ ಎಂದು ಬಿಲ್ಲು ಕಳಿಸಿತು. ವಾಪಸಾದ ಪ್ರೊಫೆಸರುಗಳಲ್ಲಿ ಹಲವರಿಗೆ ಹಳೆಯ ಕುರ್ಚಿ ಸಿಗಲಿಲ್ಲ. ಅದರಲ್ಲಿ 1938ರಿಂದ ಕೂತವರು ಏಳಲಿಲ್ಲ.

ಯಾರು ಯಹೂದಿ, ಯಾರು ಅಲ್ಲ ಎಂದು ತೀರ್ಪು ಕೊಡುತ್ತಿದ್ದ ಮಂಡಳಿಯ ಮಾತು ಬಂತಲ್ಲ, ಅದರ ಅಧ್ಯಕ್ಷ ಗಯೆತಾನೊ ಅಜ್ಜಾರಿತಿ ಎಂಬ ನ್ಯಾಯಾಧೀಶ. ಇವರು 1957ರಲ್ಲಿ ಗಣರಾಜ್ಯ ಇಟಲಿಯ ಸಂವಿಧಾನ ನ್ಯಾಯಾಲಯದ ಅಧ್ಯಕ್ಷರಾದರು. ಸಂವಿಧಾನ ಜನಾಂಗಭೇದವನ್ನು ನಿಷೇಧಿಸುತ್ತದೆ, ಅದನ್ನು ಕಾಯುವ ಪೀಠದಲ್ಲಿ ಇವರು. ಸಾಯುವವರೆಗೂ ಆ ಹುದ್ದೆಯಲ್ಲಿದ್ದರು. ನೇಪಲ್ಸ್‌ನಲ್ಲಿ ಒಂದು ಬೀದಿಗೆ ಅವರ ಹೆಸರಿತ್ತು. 2015ರಲ್ಲಿ ಆ ಹೆಸರು ತೆಗೆದು, ಆಷ್ವಿಟ್ಜ್‌ಗೆ ಹೋಗುವ ರೈಲಿನಲ್ಲೇ ಸತ್ತ ನೇಪಲ್ಸ್ ಮನೆತನದ ಎಂಟು ತಿಂಗಳ ಕೂಸು ಲೂಚಿಯಾನಾ ಪಾಚೀಫಿಚಿಯ ಹೆಸರಿಟ್ಟರು.